ಮೇಣ ಬಳಿದ ಬರ್ಬನ್ ಬಾಟಲಿ: ಬಿಚ್ಚದಿದ್ದರೆ, ಸೋರಿದರೆ, ಅನುಮಾನ ಬಂದರೆ

ಬರ್ಬನ್ ಅಂದ್ರೆ ಅಮೆರಿಕದ ಒಂದು ಬಗೆಯ ವಿಸ್ಕಿ, ಅದರ ಕೆಲವು ಬಾಟಲಿಗಳ ಬಾಯಿಗೆ ಮೇಣ ಬಳಿದಿರುತ್ತಾರೆ. ಆ ಮೇಣದ ಕೆಳಗೆ ಯಾವಾಗಲೂ ಒಂದು ಕಾರ್ಕೋ ಸ್ಕ್ರೂ ಮುಚ್ಚಳವೋ ಇದ್ದೇ ಇರುತ್ತದೆ. ಬಾಟಲಿ ಮುಚ್ಚಿಡುವ ಕೆಲಸ ಅದರದ್ದು. ಮೇಣ ಅದರ ಮೇಲಿನ ಅಲಂಕಾರ, ಜಾಸ್ತಿ ಅಂದ್ರೆ ಒಂದು ಹೆಚ್ಚುವರಿ ಹೊದಿಕೆ. ಜನ ಇದನ್ನು ಮರೆತು ಮೇಣದ ಜೊತೆ ಗುದ್ದಾಡುತ್ತಾರೆ, ಅಥವಾ ಮೇಣ ಬಿರುಕು ಬಿಟ್ಟಿದೆ ಅಂತ ಗಾಬರಿಯಾಗುತ್ತಾರೆ, ಇಲ್ಲವೇ ಮೇಣ ಗಟ್ಟಿಯಾಗಿದೆ ಅಂದ ಮಾತ್ರಕ್ಕೆ ಒಳಗಿನ ಮಾಲು ಅಸಲಿ ಅಂತ ನಂಬಿ ದುಡ್ಡು ಸುರಿಯುತ್ತಾರೆ. ಏನೇ ತೊಂದರೆ ಇರಲಿ, ಮೊದಲ ಪ್ರಶ್ನೆ ಒಂದೇ: ಕೆಳಗೆ ಏನಿದೆ?

ಕೈಯಿಂದಲೇ ಗೊತ್ತಾಗುತ್ತದೆ. ಮೇಣದ ಮೇಲಿಂದಲೇ ಬೆರಳಾಡಿಸಿ. ತಲೆಯ ಭಾಗ ಅಗಲವಾಗಿದ್ದು ಅದರ ಕೆಳಗೆ ಒಂದು ಹಳ್ಳ ಸಿಕ್ಕಿ, ಆಮೇಲೆ ಗಾಜಿನ ತುಟಿ ಸಿಕ್ಕರೆ ಅದು ತಲೆ ಇರುವ ಕಾರ್ಕ್. ನೇರವಾಗಿ ಒಂದೇ ಸಿಲಿಂಡರ್ ಆಕಾರದಲ್ಲಿ ಇಳಿದಿದ್ದರೆ ಸ್ಕ್ರೂ ಮುಚ್ಚಳ ಇರುವ ಸಾಧ್ಯತೆ ಜಾಸ್ತಿ. ಮೇಕರ್ಸ್ ಮಾರ್ಕ್ ಅನ್ನುವ ಬರ್ಬನ್‌ನ ಕೆಂಪು ಮೇಣದ ಕೆಳಗೆ ಇರುವುದು ಸಾದಾ ಸ್ಕ್ರೂ ಮುಚ್ಚಳ. ಅಷ್ಟು ಹೆಸರಾದ ಮೇಣ, ಕೆಳಗೆ ನೋಡಿದರೆ ತಿರುಗಿಸಿ ಬಿಚ್ಚುವ ಮುಚ್ಚಳ. ತಪ್ಪೇನಿಲ್ಲ, ನನ್ನ ಪ್ರಕಾರ ಅದೇ ಜಾಣತನ.

ಆ ಕೆಂಪು ಮೇಣದ ಕಥೆ ಸ್ವಲ್ಪ ಹೇಳಲೇಬೇಕು, ಯಾಕಂದ್ರೆ ಉಳಿದ ತೊಂದರೆಗಳೆಲ್ಲ ಅಲ್ಲಿಂದಲೇ ಶುರು. ಕೆಂಟಕಿಯ ಲೊರೆಟ್ಟೋದಲ್ಲಿ ಬಿಲ್ ಸ್ಯಾಮ್ಯುಯೆಲ್ಸ್ ಸೀನಿಯರ್ 1953ರಲ್ಲಿ ಒಂದು ಹಳೇ ಡಿಸ್ಟಿಲರಿ ಕೊಂಡರು. ವಿಸ್ಕಿ ಅವರದ್ದು, ಆದರೆ ಬಾಟಲಿಯ ಆಕಾರ, ಲೇಬಲ್, ಹೆಸರು, ಮೇಣ ಎಲ್ಲ ಹೆಂಡತಿ ಮಾರ್ಜಿಯದ್ದು. ಹಳೆಯ ಕೊನ್ಯಾಕ್ (ಫ್ರಾನ್ಸಿನ ಬ್ರಾಂದಿ) ಬಾಟಲಿಗಳನ್ನು ಕೂಡಿಡುವ ಹವ್ಯಾಸ ಆಕೆಗೆ ಇತ್ತು, ಅವುಗಳ ಮೇಣ ನೋಡಿ ಅಡುಗೆಮನೆಯ ಎಣ್ಣೆಯಲ್ಲಿ ಕರಿಯುವ ಪಾತ್ರೆಯಲ್ಲೇ ಮೇಣ ಕರಗಿಸಿ ಪ್ರಯೋಗ ಮಾಡಿದರು. 1958ರಲ್ಲಿ ಮೊದಲ ಬಾಟಲಿಗಳು ಮಾರುಕಟ್ಟೆಗೆ ಬಂದವು. ಈಗಲೂ ಅಲ್ಲಿ ಮೇಣದಲ್ಲಿ ಅದ್ದುವ ಕೆಲಸ ಕೈಯಲ್ಲೇ ನಡೆಯುತ್ತದೆ, ಹಾಗಾಗಿ ಒಂದರ ಇಳಿಕೆ ಇನ್ನೊಂದರಂತೆ ಇರುವುದಿಲ್ಲ. ಡಿಸ್ಟಿಲರಿ ನೋಡಲು ಹೋದವರು ತಾವೇ ಒಂದು ಬಾಟಲಿ ಅದ್ದಿ ತರಬಹುದು. ಇಳಿದು ಒಣಗಿದ ಆ ಮೇಣಕ್ಕೆ 1985ರಲ್ಲಿ ಟ್ರೇಡ್‌ಮಾರ್ಕ್ ಆಯಿತು. ಮುಂದೆ ಕ್ವೆರ್ವೊ ಟಕೀಲಾದ ಒಂದು ದುಬಾರಿ ಬಾಟಲಿಗೆ ಕೆಂಪು ಮೇಣ ಇಳಿಬಿಟ್ಟರು ಅಂತ ಕೇಸು ಹಾಕಿದರು, 2012ರಲ್ಲಿ ಮೇಲ್ಮನವಿ ಕೋರ್ಟು ಮೇಕರ್ಸ್ ಮಾರ್ಕ್ ಪರವಾಗಿಯೇ ತೀರ್ಪು ಕೊಟ್ಟಿತು. ಬೇರೆ ಬರ್ಬನ್‌ಗಳು ಕಪ್ಪು, ಕಂದು, ಇನ್ನೇನೋ ಬಣ್ಣದ ಮೇಣ ಹಾಕಿದರೂ ಇಳಿಬಿದ್ದ ಕೆಂಪಿನ ತಂಟೆಗೆ ಹೋಗದಿರಲು ಇದೇ ಕಾರಣ.

ಅಂದ್ರೆ ಇದರ ಆಕರ್ಷಣೆ ಸುಳ್ಳಲ್ಲ. ಅಂಗಡಿಯ ಸಾಲಿನಲ್ಲಿ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಉಡುಗೊರೆ ಕೊಟ್ಟರೆ ತೆಗೆದುಕೊಂಡವರ ಮುಖ ಅರಳುತ್ತದೆ. ಬಿಚ್ಚುವುದೇ ಒಂದು ಸಣ್ಣ ಸಮಾರಂಭ. ಕಷ್ಟ ಶುರುವಾಗುವುದು ಬಿಚ್ಚುವಾಗ.

ಬಿಚ್ಚುತ್ತಿಲ್ಲ

ಮೊದಲು ಎಳೆಯುವ ಪಟ್ಟಿ ಇದೆಯಾ ನೋಡಿ. ಮೇಣದ ಸುತ್ತ ಒಂದು ಉಬ್ಬು ಗೆರೆ, ಒಂದು ಕಡೆ ಅದರ ಚಿಕ್ಕ ತುದಿ ಹೊರಗೆ ಇಣುಕುತ್ತಿರುತ್ತದೆ. ಕೆಲವೊಮ್ಮೆ ತುದಿಯ ಮೇಲೂ ಮೇಣ ದಪ್ಪವಾಗಿ ಕೂತಿರುವುದರಿಂದ ಕಾಣುವುದಿಲ್ಲ, ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಸಿಕ್ಕರೆ ಅದನ್ನು ಮೇಲಕ್ಕೆ ಎಳೆಯಬೇಡಿ, ಬಾಟಲಿಯ ಸುತ್ತ ಅಡ್ಡಕ್ಕೆ ನಿಧಾನವಾಗಿ ಎಳೆಯಿರಿ. ಜೋರಾಗಿ ಮೇಲಕ್ಕೆ ಎಳೆದರೆ ಪಟ್ಟಿ ಅರ್ಧದಲ್ಲೇ ಕಿತ್ತು ಬರುತ್ತದೆ. ಹಾಗೆ ಕಿತ್ತಿದ್ದರೆ ಚಿಂತೆ ಬೇಡ, ಕಿತ್ತ ಜಾಗದಿಂದ ಅದೇ ಗೆರೆಯ ಮೇಲೆ ಚಾಕು ಓಡಿಸಿ.

ಪಟ್ಟಿ ಇಲ್ಲದಿದ್ದರೆ ಮೇಣದ ಜಾತಿ ತಿಳಿಯಬೇಕು. ಉಗುರು ಒತ್ತಿ. ಗುರುತು ಬಿದ್ದು ನಿಧಾನಕ್ಕೆ ಹಿಂದಕ್ಕೆ ಬಂದರೆ ಅದು ಪ್ಲಾಸ್ಟಿಕ್ ಬೆರೆಸಿದ ಮೆತ್ತನೆ ಮೇಣ. ಈಗಿನ ಹೆಚ್ಚಿನ ಬಾಟಲಿಗಳಲ್ಲಿ ಇರುವುದು ಇದೇ. ಗುರುತೇ ಬೀಳದೆ ಉಗುರು ಜಾರಿದರೆ ಅದು ಗಟ್ಟಿ ಜಾತಿ, ಅಂಚೆ ಕಚೇರಿಯಲ್ಲಿ ಪಾರ್ಸೆಲ್‌ಗೆ ಹಾಕುತ್ತಿದ್ದ ಅರಗಿನ ಹಾಗೆ, ರಾಳ ಜಾಸ್ತಿ ಇರುತ್ತದೆ, ಚಕ್ಕೆ ಚಕ್ಕೆಯಾಗಿ ಒಡೆಯುತ್ತದೆ.

ಮೆತ್ತನೆ ಮೇಣಕ್ಕೆ: ಕಾರ್ಕಿನ ತಲೆ ಮತ್ತು ಗಾಜಿನ ತುಟಿ ಸೇರುವ ಆ ಹಳ್ಳವನ್ನು ಹುಡುಕಿ, ಗರಗಸದ ಹಲ್ಲು ಇರುವ ಸಣ್ಣ ಚಾಕುವಿನಿಂದ ಅಲ್ಲಿ ಸುತ್ತಲೂ ಒಂದು ಗೆರೆ ಕೊಯ್ಯಿರಿ. ಬಾಟಲಿಯನ್ನು ಮೇಜಿನ ಮೇಲೆ ಒಂದು ಬಟ್ಟೆ ಹಾಸಿ ನಿಲ್ಲಿಸಿಕೊಳ್ಳಿ, ಚಾಕುವನ್ನು ನಿಮ್ಮ ಕೈ ಕಡೆಗೆ ಎಳೆಯಬೇಡಿ, ಬಾಟಲಿಯನ್ನೇ ತಿರುಗಿಸಿ. ಕುತ್ತಿಗೆಯ ಮೇಣ ಪೂರ್ತಿ ತೆಗೆಯಬೇಕಿಲ್ಲ. ತಲೆಗೂ ತುಟಿಗೂ ನಡುವಿನ ಸೇತುವೆ ಕಡಿದರೆ ಸಾಕು, ಉಳಿದದ್ದು ಚಂದಕ್ಕೆ ಹಾಗೇ ಇರಲಿ. ಕೊಯ್ಯುವಾಗ ಚಾಕು ಜಾರುತ್ತಿದ್ದರೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ತಲೆಗೆ ಅರ್ಧ ನಿಮಿಷ ಸುತ್ತಿಡಿ. ಅಷ್ಟು ಸಾಕು. ಬಾಟಲಿಯನ್ನೇ ಬಿಸಿನೀರಿಗೆ ಇಳಿಸುವುದು ಬೇಡ, ಒಳಗಿನ ದ್ರವ ಹಿಗ್ಗಿ ಕಾರ್ಕನ್ನು ತಳ್ಳುತ್ತದೆ.

ಗಟ್ಟಿ ಮೇಣಕ್ಕೆ ಬಿಸಿ ಬೇಡವೇ ಬೇಡ, ಅಂಟಂಟಾಗಿ ರಗಳೆಯಾಗುತ್ತದೆ. ಬದಲಿಗೆ ತಣ್ಣಗೆ ಮಾಡಿ. ಒಂದು ಅರ್ಧ ಗಂಟೆ ಫ್ರೀಜರ್‌ನಲ್ಲಿ ನಿಲ್ಲಿಸಿ, ವಿಸ್ಕಿಗೆ ಏನೂ ಆಗುವುದಿಲ್ಲ, ಮನೆಯ ಫ್ರೀಜರ್‌ನಲ್ಲಿ ಅದು ಹೆಪ್ಪುಗಟ್ಟುವುದೂ ಇಲ್ಲ. ಆಮೇಲೆ ಬಾಟಲಿಯನ್ನು ವಾಲಿಸಿ ಹಿಡಿದು, ತಲೆಯ ಭಾಗವನ್ನು ಚಮಚದ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಚಕ್ಕೆಗಳು ತಟ್ಟೆಗೆ ಬೀಳಲಿ. ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ ತಟ್ಟಿದರೆ ಚಕ್ಕೆ ಪುಡಿಯೆಲ್ಲ ಆ ಹಳ್ಳಕ್ಕೆ ಸೇರಿ, ಕಾರ್ಕ್ ಎಳೆದ ತಕ್ಷಣ ಒಳಗೆ ಉದುರುತ್ತದೆ.

ಲೈಟರ್, ಮೇಣದಬತ್ತಿ, ಗ್ಯಾಸ್ ಒಲೆ: ಯಾವುದೂ ಬೇಡ. 40 ಶೇಕಡಾ ಮದ್ಯದ ಆವಿಯೇ 26 ಡಿಗ್ರಿ ಆಸುಪಾಸಿನಲ್ಲಿ ಬೆಂಕಿ ಹಿಡಿಯುವ ಮಟ್ಟಕ್ಕೆ ಬರುತ್ತದೆ, ಬೂಕರ್ಸ್ ತರಹದ ನೀರು ಬೆರೆಸದ ಬರ್ಬನ್‌ಗಳು 60 ಶೇಕಡಾ ದಾಟಿರುತ್ತವೆ. ವಿಡಿಯೊದಲ್ಲಿ ಯಾರೋ ಟಾರ್ಚ್ ಹಿಡಿದು ಮಾಡುತ್ತಾರೆ ಅಂತ ನೀವು ಮಾಡಬೇಡಿ.

ಕಾರ್ಕ್ ಅರ್ಧಕ್ಕೆ ಮುರಿಯಿತು

ಇದಕ್ಕೆ ನಿಜವಾದ ಕಾರಣ ಸಾಮಾನ್ಯವಾಗಿ ಮೇಣ ಪೂರ್ತಿ ಕಡಿಯದೆ ಇದ್ದದ್ದು. ತಲೆಯನ್ನು ತಿರುಗಿಸುತ್ತೀರಿ, ಮೇಣ ಒಂದು ಕಡೆ ಹಿಡಿದುಕೊಂಡಿರುತ್ತದೆ, ಎಲ್ಲ ಒತ್ತಡ ತಲೆಗೂ ಕಾರ್ಕಿಗೂ ಇರುವ ಅಂಟಿನ ಮೇಲೆ ಬೀಳುತ್ತದೆ. ಟಕ್. ತಲೆ ಕೈಯಲ್ಲಿ, ಕಾರ್ಕ್ ಒಳಗೆ. ಎರಡನೇ ಕಾರಣ ಹಳೇ ಬಾಟಲಿಯನ್ನು ವೈನ್‌ನಂತೆ ಮಲಗಿಸಿ ಇಟ್ಟಿದ್ದು. ವೈನ್ ಕಾರ್ಕ್ ಒದ್ದೆ ಇರಬೇಕು, ಸರಿ. ವಿಸ್ಕಿಯ ಮದ್ಯ ಅಷ್ಟು ಜೋರಾಗಿರುವಾಗ ಕಾರ್ಕ್ ವರ್ಷಗಟ್ಟಲೆ ಅದರಲ್ಲಿ ನೆನೆದರೆ ಪುಡಿಪುಡಿಯಾಗುತ್ತದೆ. ಮೇಲೆ ಮೇಣ ಇದ್ದರೆ ಕಾರ್ಕಿಗೆ ಏನೂ ಆಗಲ್ಲ ಅನ್ನುವುದು ಸುಮ್ನೆ ಮಾತು, ಮದ್ಯ ತಿನ್ನುವುದು ಕೆಳಗಿನಿಂದ. ಯಾವಾಗಲೂ ನೆಟ್ಟಗೇ ನಿಲ್ಲಿಸಿ.

ಮುರಿದಿದ್ದರೆ ವೈನ್ ಬಿಚ್ಚುವ ಸ್ಕ್ರೂ ತಗೊಂಡು ಓರೆಯಾಗಿ ನಿಧಾನಕ್ಕೆ ಇಳಿಸಿ ಎಳೆಯಿರಿ. ಬರದೆ ಒಳಗೆ ಬಿದ್ದರೆ ಬೀಳಲಿ. ಕಾಫಿ ಫಿಲ್ಟರ್ ಪೇಪರ್ ಹಾಕಿ ಚೆನ್ನಾಗಿ ತೊಳೆದು ಒಣಗಿಸಿದ ಬೇರೆ ಬಾಟಲಿಗೆ ಸೋಸಿಬಿಡಿ. ಮೇಣದ ಚೂರು ಬಿದ್ದಿದ್ದರೂ ಇದೇ ಮದ್ದು. ಚೂರು ನುಂಗಿದರೆ ಏನಾದರೂ ಆಗುತ್ತಾ ಅಂತ ಕೇಳುವವರಿದ್ದಾರೆ. ಒಂದು ಕಣ ಹೊಟ್ಟೆಗೆ ಹೋದರೆ ಆಕಾಶ ಬೀಳುವುದಿಲ್ಲ, ಆದರೆ ಬಣ್ಣ, ರಾಳ, ಪ್ಲಾಸ್ಟಿಕ್ ಬೆರೆತ ವಸ್ತುವನ್ನು ಮದ್ಯದಲ್ಲಿ ತಿಂಗಳುಗಟ್ಟಲೆ ನೆನೆಸಿಡುವುದೂ ಬೇಡ. ಅದೇ ದಿನ ಸೋಸಿ.

ಮೇಣ ಒಡೆದಿಲ್ಲ, ಆದರೂ ಮಟ್ಟ ಇಳಿದಿದೆ

ಹೆಚ್ಚು ಜಗಳ ಆಗುವುದು ಈ ದೂರಿನ ಮೇಲೆ. ಅಂಗಡಿಯವನು ಸೀಲ್ ಹಾಗೇ ಇದೆಯಲ್ಲ ಸ್ವಾಮಿ ಅಂತಾನೆ, ಕೊಂಡವರು ಕಡಿಮೆ ಇದೆ ಅಂತಾರೆ. ಇಬ್ಬರೂ ಸರಿ ಇರಬಹುದು.

ಮೊದಲು ಬಿಸಿಲು ಚಳಿಯ ಲೆಕ್ಕ ತೆಗೆದುಹಾಕಿ. 50 ಶೇಕಡಾ ಮದ್ಯ ಇರುವ 750 ಮಿ.ಲೀ. ಬರ್ಬನ್ 10 ಡಿಗ್ರಿ ಬಿಸಿಯಾದರೆ ಸುಮಾರು 6 ಮಿ.ಲೀ. ಹಿಗ್ಗುತ್ತದೆ. 6 ಮಿ.ಲೀ. ಅಂದ್ರೆ ಏನು ಮಹಾ ಅನಿಸುತ್ತದೆ ಅಲ್ವಾ? ಆದರೆ ಒಳಗೆ 2 ಸೆಂ.ಮೀ. ಅಗಲ ಇರುವ ಕುತ್ತಿಗೆಯಲ್ಲಿ ಅದು ಸುಮಾರು 2 ಸೆಂ.ಮೀ. ಎತ್ತರ. ಅಂದರೆ ಎಸಿ ಹಾಕಿದ ಅಂಗಡಿಯಲ್ಲಿ ನೋಡಿದ ಮಟ್ಟಕ್ಕೂ ಏಪ್ರಿಲ್ ತಿಂಗಳ ಮನೆಯ ಮಟ್ಟಕ್ಕೂ ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಬಂದೇ ಬರುತ್ತದೆ, ಒಂದು ಹನಿಯೂ ಸೋರದೆ. ಎರಡು ಬಾಟಲಿ ಹೋಲಿಸುವುದಾದರೆ ಎರಡನ್ನೂ ಒಂದೇ ಕೋಣೆಯಲ್ಲಿ ಒಂದು ರಾತ್ರಿ ಇಟ್ಟು ಆಮೇಲೆ ಹೋಲಿಸಿ. ಮೇಣ ಕುತ್ತಿಗೆಯ ಕೆಳಗಿನವರೆಗೂ ಇಳಿದಿದ್ದರೆ ಮಟ್ಟವೇ ಕಾಣುವುದಿಲ್ಲ, ಇದು ಮೇಣದ ಒಂದು ದೊಡ್ಡ ಕೊರತೆ. ಮೊಬೈಲ್ ಟಾರ್ಚನ್ನು ಹಿಂದಿನಿಂದ ಹಿಡಿದು ಬಾಟಲಿಯನ್ನು ಸ್ವಲ್ಪ ವಾಲಿಸಿದರೆ ಗಾಳಿಯ ಗುಳ್ಳೆ ಎಷ್ಟು ದೊಡ್ಡದು ಅಂತ ಅಂದಾಜು ಸಿಗುತ್ತದೆ.

ಇದಕ್ಕಿಂತ ಒಳ್ಳೇ ದಾರಿ ಅಡುಗೆಮನೆಯ ಡಿಜಿಟಲ್ ತಕ್ಕಡಿ. ಮಟ್ಟ ಏರಿ ಇಳಿದರೂ ತೂಕ ಬದಲಾಗುವುದಿಲ್ಲ. ಇವತ್ತು ತೂಗಿ, ಹಿಂಬದಿಯ ಲೇಬಲ್ ಮೇಲೆ ಪೆನ್ಸಿಲ್‌ನಲ್ಲಿ ಗ್ರಾಂ ಬರೆದಿಡಿ, ಒಂದು ತಿಂಗಳು ಬಿಟ್ಟು ಅದೇ ತಕ್ಕಡಿಯಲ್ಲಿ ಮತ್ತೆ ತೂಗಿ. ಒಂದೆರಡು ಗ್ರಾಂ ಆಚೀಚೆ ತಕ್ಕಡಿಯದ್ದೇ ಇರಬಹುದು. ಐದು ಹತ್ತು ಗ್ರಾಂ ಹೋಗಿದ್ದರೆ ಬಾಟಲಿ ಉಸಿರಾಡುತ್ತಿದೆ ಅಂತಲೇ ಲೆಕ್ಕ. ತೂಕ ಅಲ್ಲಾಡದೆ ಹಾಗೇ ಇದ್ದರೆ ಮೊದಲಿನಿಂದಲೇ ತುಂಬಿದ್ದು ಅಷ್ಟು, ಅಥವಾ ಹಿಂದೆ ಎಂದೋ ಸೋರಿ ಈಗ ನಿಂತಿದೆ.

ಸೋರುತ್ತಿದ್ದರೆ ಎಲ್ಲಿಂದ? ಮೇಣದ ಅಂಚನ್ನು ಬೆಳಕಿಗೆ ಹಿಡಿದು ನೋಡಿ. ಗಾಜಿಗೂ ಮೇಣಕ್ಕೂ ನಡುವೆ ಕಂದು ಬಣ್ಣದ ಅಂಟು ಗೆರೆ ಇದ್ದರೆ ವಿಸ್ಕಿ ಅಲ್ಲಿ ಬಂದು ಒಣಗಿದೆ. ಆ ಜಾಗದ ಮೇಣ ಸ್ವಲ್ಪ ಎದ್ದು, ಬೆರಳು ಒತ್ತಿದರೆ ಟೊಳ್ಳು ಅನಿಸುತ್ತದೆ. ಮೂಗು ಹತ್ತಿರ ತನ್ನಿ. ಮುಚ್ಚಿದ ಬಾಟಲಿಗೆ ವಾಸನೆ ಇರಬಾರದು, ವೆನಿಲಾ, ಸುಟ್ಟ ಮರದ ವಾಸನೆ ಬಂದರೆ ಮತ್ತೆ ಪರೀಕ್ಷೆ ಬೇಕಿಲ್ಲ. ಅನುಮಾನ ಉಳಿದರೆ ಕುತ್ತಿಗೆಗೆ ಟಿಶ್ಯೂ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ ಹತ್ತು ನಿಮಿಷ ಮಲಗಿಸಿ. ಒದ್ದೆಯಾದರೆ ಕಾರ್ಕ್ ಹೋಗಿದೆ. ಒದ್ದೆಯಾಗದೆ ತೂಕ ಮಾತ್ರ ಇಳಿಯುತ್ತಿದ್ದರೆ ಆವಿಯಾಗಿ ಹೋಗುತ್ತಿದೆ. ಅದ್ದುವಾಗ ಬಿಸಿ ಮೇಣದಡಿಯ ಗಾಳಿ ಹಿಗ್ಗಿ ಗುಳ್ಳೆ ಎದ್ದು ಒಡೆದಿರುತ್ತದೆ, ಸೂಜಿಮೊನೆಯಷ್ಟು ತೂತು ಉಳಿದಿರುತ್ತದೆ. ಮೇಣ ಗಾಳಿಯಾಡದ ಹಾಗೆ ಮುಚ್ಚುತ್ತದೆ ಅನ್ನುವ ಮಾತನ್ನು ನಾನು ನಂಬದಿರುವುದು ಈ ತೂತುಗಳಿಂದಲೇ.

ಸೋರುವುದು ಖಚಿತವಾದರೆ ಮೇಲೆ ಇನ್ನೊಂದು ಪದರ ಮೇಣ ಬಳಿಯಬೇಡಿ. ಬಿಚ್ಚಿ ಕುಡಿಯಿರಿ, ಇಲ್ಲವೇ ಒಳ್ಳೇ ಸ್ಕ್ರೂ ಮುಚ್ಚಳದ ಬಾಟಲಿಗೆ ವರ್ಗಾಯಿಸಿ. ಬರ್ಬನ್ ಬಾಟಲಿಯಲ್ಲಿ ಮಾಗುವುದಿಲ್ಲ, ಮಾಗುವುದೆಲ್ಲ ಪೀಪಾಯಿಯಲ್ಲೇ ಮುಗಿದಿರುತ್ತದೆ. ಕಾದು ಕೂತರೆ ಲಾಭ ಇಲ್ಲ.

ಅಸಲಿಯೋ ನಕಲಿಯೋ

ಇಲ್ಲಿ ನನ್ನ ಅಭಿಪ್ರಾಯ ಖಾರವಾಗಿಯೇ ಇದೆ. ಮೇಣ ನೋಡಿ ಅಸಲಿ ಅನ್ನಬೇಡಿ. ಬಾಟಲಿ ಮೇಣ ಎಲ್ಲ ಬಣ್ಣಗಳಲ್ಲೂ ಆನ್‌ಲೈನ್‌ನಲ್ಲಿ ಸಿಗುತ್ತದೆ, ಕರಗಿಸಲು ಒಂದು ಹಳೇ ಪಾತ್ರೆ ಸಾಕು. ದುಬಾರಿ ಬರ್ಬನ್‌ಗಳ ಖಾಲಿ ಬಾಟಲಿಗಳೇ ಒಳ್ಳೇ ಬೆಲೆಗೆ ಮಾರಾಟವಾಗುತ್ತವೆ. ಅವನ್ನು ಕೊಳ್ಳುವವರೆಲ್ಲ ಹೂವಿಡಲು ಕೊಳ್ಳುತ್ತಾರಾ? ಅಚ್ಚಾದ ಪ್ಲಾಸ್ಟಿಕ್ ಸೀಲ್ ನಕಲು ಮಾಡಲು ಯಂತ್ರ ಬೇಕು. ಕೈಯಲ್ಲಿ ಅದ್ದಿದ ಮೇಣ ಹೇಗಿದ್ದರೂ ಒಂದರಂತೆ ಇನ್ನೊಂದಿಲ್ಲ, ಹಾಗಾಗಿ ವ್ಯತ್ಯಾಸ ಕಂಡರೂ ಕೈಕೆಲಸ ಸಾರ್ ಅಂತ ಜಾರಿಕೊಳ್ಳಬಹುದು. ಚಂದ ಅಂತ ನಾವು ಮೆಚ್ಚುವ ಗುಣವೇ ಕಳ್ಳನಿಗೂ ಅನುಕೂಲ.

ನೋಡಬೇಕಾದದ್ದು ಇವು. ಮೇಣದ ಕೆಳ ಅಂಚಿನಲ್ಲಿ ಎರಡು ಪದರ, ಎರಡು ಛಾಯೆ ಕಾಣುತ್ತದೆಯಾ? ಹಳೇ ಮೇಣದ ಮೇಲೆ ಹೊಸದು ಹತ್ತಿಸಿದ್ದರೆ ಅಲ್ಲಿ ಸಿಕ್ಕಿಬೀಳುತ್ತದೆ. ಆ ಬ್ರಾಂಡಿಗೆ ಎಳೆಯುವ ಪಟ್ಟಿ ಇರಬೇಕಾದಲ್ಲಿ ಇಲ್ಲವಾ? ಮೇಣ ಹೊಚ್ಚ ಹೊಸದಾಗಿ ಹೊಳೆಯುತ್ತಿದ್ದು ಲೇಬಲ್ ಮಾತ್ರ ಸವೆದಿದೆಯಾ? ಹಲವು ಬಾಟಲಿಗಳ ಗಾಜಿನ ಮೇಲೆ ತುಂಬಿದ ದಿನದ ಸಂಕೇತ ಸಣ್ಣ ಅಕ್ಷರದಲ್ಲಿ ಇರುತ್ತದೆ, ಅದು ಲೇಬಲ್‌ನ ಕಾಲಕ್ಕೆ ಹೊಂದುತ್ತದೆಯಾ? ಅಮೆರಿಕದಲ್ಲಿ 1985ರವರೆಗೆ ಮುಚ್ಚಳದ ಮೇಲೆ ತೆರಿಗೆಯ ಕಾಗದದ ಪಟ್ಟಿ ಅಂಟಿಸುತ್ತಿದ್ದರು. ಬಾಟಲ್ಡ್ ಇನ್ ಬಾಂಡ್ (ಸರ್ಕಾರದ ನಿಗಾದಲ್ಲಿ ಮಾಗಿಸಿ ತುಂಬಿದ್ದು) ಆದರೆ ಹಸಿರು, ಉಳಿದವಕ್ಕೆ ಕೆಂಪು. 70ರ ದಶಕದ ಬಾಟಲಿ ಅಂತ ಹೇಳಿ ಆ ಪಟ್ಟಿಯ ಗುರುತೇ ಇಲ್ಲದೆ ಬರೀ ಮೇಣ ಇದ್ದರೆ ಕೈ ಮುಗಿದು ವಾಪಸ್ ಬನ್ನಿ. ಕಾರ್ಕಿನ ತಲೆ, ಪಟ್ಟಿ, ಮಟ್ಟ ಎಲ್ಲವನ್ನೂ ಮೇಣ ಮುಚ್ಚಿಬಿಟ್ಟಿದೆ ಅಂದ್ರೆ ನೋಡಲು ಏನೂ ಉಳಿದಿಲ್ಲ ಅಂತ ಅರ್ಥ. ಆಗ ನೀವು ನಂಬುತ್ತಿರುವುದು ಮಾರುವವನನ್ನು, ಬಾಟಲಿಯನ್ನಲ್ಲ.

ಸೂಟ್‌ಕೇಸಿನಲ್ಲಿ ಬಂದು ಬಿರುಕು ಬಿಟ್ಟಿದೆ

ಅಮೆರಿಕದಿಂದ ಊರಿಗೆ ಬರುವ ನಮ್ಮವರು ತರುವ ಬಾಟಲಿಗಳಲ್ಲಿ ಇದು ಮಾಮೂಲು. ವಿಮಾನದ ಲಗೇಜು ಇಡುವ ಜಾಗದಲ್ಲೂ ಮೇಲಿನ ಕ್ಯಾಬಿನ್‌ನಷ್ಟೇ ಒತ್ತಡ ಇರುತ್ತದೆ, ಅದು ನೆಲದ ಮೇಲಿನದಕ್ಕಿಂತ ಕಡಿಮೆ, ಹೆಚ್ಚೂಕಡಿಮೆ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇದ್ದಂತೆ. ಒಳಗಿನ ಗಾಳಿ ಹಿಗ್ಗಿ ಕಾರ್ಕನ್ನು ಕೂದಲೆಳೆಯಷ್ಟು ಎತ್ತುತ್ತದೆ. ಅಷ್ಟಕ್ಕೇ ಗಟ್ಟಿ ಮೇಣ ಬಿರಿಯುತ್ತದೆ. ಮೆತ್ತನೆ ಮೇಣ ಹಿಗ್ಗಿ ತಡೆದುಕೊಳ್ಳುತ್ತದೆ, ಕಾರ್ಕನ್ನೂ ಹಿಡಿದಿಡುತ್ತದೆ. ಮೇಣದಿಂದ ನಿಜಕ್ಕೂ ಉಪಯೋಗ ಆಗುವ ಜಾಗ ಇದೊಂದೇ ಇರಬೇಕು.

ಬಿರುಕು ಕಂಡರೆ ಬಟ್ಟೆಗಳ ವಾಸನೆ ನೋಡಿ, ಮೇಲೆ ಹೇಳಿದ ಟಿಶ್ಯೂ ಪರೀಕ್ಷೆ ಮಾಡಿ. ಒಣಗಿದ್ದರೆ ಬಿರುಕು ಬರೀ ನೋಟಕ್ಕೆ, ಬಿಟ್ಟುಬಿಡಿ. ತರುವ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಸೂಟ್‌ಕೇಸ್ ನಿಲ್ಲಿಸಿದಾಗ ಬಾಟಲಿ ತಲೆ ಮೇಲಿರುವ ಹಾಗೆ ಇಡಿ. ಅಂದಹಾಗೆ ನಮ್ಮ ಕಸ್ಟಮ್ಸ್ ಸುಂಕವಿಲ್ಲದೆ ಬಿಡುವುದು ಒಬ್ಬರಿಗೆ 2 ಲೀಟರ್. ಮದ್ಯದ ಪ್ರಮಾಣ 70 ಶೇಕಡಾ ಮೀರಿದ ಬಾಟಲಿಯನ್ನು ಅಮೆರಿಕದಲ್ಲಿ ವಿಮಾನಕ್ಕೇ ಹತ್ತಿಸುವುದಿಲ್ಲ, ಕೆಲವು ಬ್ಯಾರೆಲ್ ಪ್ರೂಫ್ (ಪೀಪಾಯಿಯಿಂದ ನೀರು ಬೆರೆಸದೆ ತುಂಬಿದ) ಬರ್ಬನ್‌ಗಳು ಆ ಗೆರೆಯ ಹತ್ತಿರವೇ ಇರುತ್ತವೆ, ಲೇಬಲ್ ಓದಿ ಕೊಳ್ಳಿ.

ಇಲ್ಲಿ ಬಂದ ಮೇಲೆ ಇನ್ನೊಂದು ದೋಷ: ಮೇಣ ಅಂಟಂಟಾಗಿ ಧೂಳು ಹಿಡಿಯುವುದು, ಇಳಿದ ತುದಿಗಳು ಜೋತು ಲೇಬಲ್‌ಗೆ ಅಂಟುವುದು. ಕಲಬುರಗಿ, ರಾಯಚೂರಿನ ಬೇಸಿಗೆ 40 ಡಿಗ್ರಿ ದಾಟುತ್ತದೆ, ಬೀರುವಿನ ಮೇಲಿನ ಸಾಲಿನಲ್ಲಿ ಇನ್ನೂ ಜಾಸ್ತಿ. ಕೆಳಗಿನ ಸಾಲಿಗೆ, ಬಿಸಿಲು ಬೀಳದ ಕಡೆಗೆ ಇಳಿಸಿ. ಅಂಟಿದ ಮೇಣವನ್ನು ಬಿಸಿಯಲ್ಲಿ ಕೀಳಬೇಡಿ, ಲೇಬಲ್ ಹರಿಯುತ್ತದೆ. ಫ್ರಿಜ್‌ನಲ್ಲಿ ತಣ್ಣಗಾದ ಮೇಲೆ ಉಗುರಿನಿಂದ ಎಬ್ಬಿಸಿ.

ಬಿಚ್ಚಿದ ಮೇಲೆ ಕಾರ್ಕ್ ಸರಿಯಾಗಿ ಕೂರುತ್ತಿಲ್ಲ

ತುಟಿಯ ಮೇಲೆ ಉಳಿದ ಮೇಣದ ಅಂಚೇ ಕಾರಣ. ಕಾರ್ಕಿನ ತಲೆ ಅದರ ಮೇಲೆ ಕೂತು, ಒಳಗೆ ಪೂರ್ತಿ ಇಳಿಯುವುದಿಲ್ಲ. ಬಾರ್‌ನವರಿಗೆ ಮೇಣದ ಬಾಟಲಿ ಕಂಡರೆ ಆಗದಿರುವುದಕ್ಕೆ ಇದೂ ಒಂದು ಕಾರಣ, ರಶ್ಶಿನ ನಡುವೆ ಕೊಯ್ಯುತ್ತಾ ಕೂರಬೇಕು, ಆಮೇಲೆ ಪ್ರತಿ ಪೆಗ್ಗಿಗೂ ಚೂರು ಉದುರುತ್ತಾ ಇರುತ್ತದೆ. ಕಾರ್ಕ್ ಹಾಕಿಕೊಂಡೇ, ಚಾಕುವಿನ ಮೊಂಡು ಬೆನ್ನಿನಿಂದ ತುಟಿಯ ಮೇಲ್ಮೈ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಕಾರ್ಕ್ ತೆಗೆದು ಅದರ ತಲೆಯ ಕೆಳಭಾಗವನ್ನೂ ಒರೆಸಿ. ಗಾಜು ಬರಿಗೈಗೆ ನುಣ್ಣಗೆ ಸಿಗಬೇಕು. ಆಮೇಲೂ ಸಡಿಲ ಅನಿಸಿದರೆ ಬೇರೆ ಖಾಲಿ ಬಾಟಲಿಗಳ ಕಾರ್ಕ್ ಹಾಕಿ ನೋಡಿ, ಅಳತೆ ಹೊಂದುವುದು ಒಂದಾದರೂ ಸಿಗುತ್ತದೆ. ಖಾಲಿಯಾದ ಬಾಟಲಿಯ ಕಾರ್ಕನ್ನು ಎಸೆಯದೆ ಒಂದು ಡಬ್ಬಿಯಲ್ಲಿ ಹಾಕಿಡಿ.